ನದಿ ದಾರಿ ಕೊಟ್ಟಿತು, ಗಲ್ಲಿ ಕೊಡಲಿಲ್ಲ: ಕೋಲ್ಕತ್ತದ ಪೂರ್ವ–ಪಶ್ಚಿಮ ಮೆಟ್ರೊ

ಕೋಲ್ಕತ್ತದ ಪೂರ್ವ–ಪಶ್ಚಿಮ ಮೆಟ್ರೊಗೆ ಅಡಿಗಲ್ಲು ಹಾಕಿದ್ದು 2009ರ ಫೆಬ್ರುವರಿಯಲ್ಲಿ. ಕೊನೆಯ ತುಂಡು ತೆರೆದದ್ದು 2025ರ ಆಗಸ್ಟ್ 22ಕ್ಕೆ. ಇಡೀ ಮಾರ್ಗದ ಉದ್ದ 16.6 ಕಿಲೋಮೀಟರ್. ಹೆಚ್ಚುಕಮ್ಮಿ ವರ್ಷಕ್ಕೆ ಒಂದು ಕಿಲೋಮೀಟರ್ ಲೆಕ್ಕ ಆಯಿತು.

ಇದನ್ನು ಯಾರಿಗೆ ಹೇಳಿದರೂ ಬರುವ ಮೊದಲ ಮಾತು, "ಹೂಗ್ಲಿ ನದಿ ಕೆಳಗೆ ಸುರಂಗ ಕೊರೀಬೇಕಿತ್ತಲ್ವಾ, ತಡ ಆಗದೆ ಇರುತ್ತಾ?" ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ಆದರೆ ನದಿಯ ಕೆಳಗಿನ ಕೆಲಸ 2017ರಲ್ಲೇ ಮುಗಿದಿತ್ತು. ಎರಡೂ ಸುರಂಗ ಸೇರಿ ನದಿ ದಾಟಲು ಹಿಡಿದದ್ದು ಸುಮಾರು ಎರಡು ತಿಂಗಳು. ಹಾಗಾದರೆ ಆಮೇಲಿನ ಎಂಟು ವರ್ಷ ಎಲ್ಲಿ ಹೋಯಿತು? ಮಾರ್ಗವನ್ನು ಅರ್ಧದಲ್ಲಿ ಬದಲಾಯಿಸಿದ ಒಂದು ತೀರ್ಮಾನ ಮತ್ತು ಆ ತೀರ್ಮಾನ ಹೋಗಿ ತಾಕಿದ ಒಂದೆರಡು ಹಳೆಯ ಗಲ್ಲಿಗಳು. ಈ ಪ್ರಕರಣದ ತಿರುಳು ಅಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಮಾರ್ಗ ಹೇಗಿದೆ

ಪಶ್ಚಿಮದಿಂದ ಶುರು ಮಾಡೋಣ. ಹೌರಾ ಮೈದಾನ ಮೊದಲ ನಿಲ್ದಾಣ. ಮುಂದಿನದು ಹೌರಾ, ಅಂದರೆ ದೇಶದ ಅತಿ ಹೆಚ್ಚು ಜನಸಂದಣಿ ಇರುವ ರೈಲು ನಿಲ್ದಾಣಗಳಲ್ಲಿ ಒಂದು. ಅದರ ಅಡಿಯಲ್ಲಿ ಮೆಟ್ರೊ ನಿಲ್ದಾಣ ನೆಲದಿಂದ 30 ಮೀಟರ್‌ಗೂ ಜಾಸ್ತಿ ಆಳದಲ್ಲಿದೆ. ಅಲ್ಲಿಂದ ರೈಲು ನದಿಯ ಕೆಳಗೆ ನುಗ್ಗುತ್ತದೆ. ಆಚೆ ದಡದಲ್ಲಿ ಮಹಾಕರಣ, ರಾಜ್ಯದ ಹಳೆಯ ಸಚಿವಾಲಯ ರೈಟರ್ಸ್ ಬಿಲ್ಡಿಂಗ್ ಇರುವ ಜಾಗ. ಬಳಿಕ ದಕ್ಷಿಣಕ್ಕೆ ತಿರುಗಿ ಎಸ್ಪ್ಲನೇಡ್, ಅಲ್ಲಿಂದ ಈಶಾನ್ಯಕ್ಕೆ ಬಳಸಿಕೊಂಡು ಸಿಯಾಲ್ದಾ. ಇದು ಊರಿನ ಇನ್ನೊಂದು ದೊಡ್ಡ ರೈಲು ನಿಲ್ದಾಣ. ಫೂಲ್‌ಬಾಗಾನ್‌ವರೆಗೆ ಎಲ್ಲವೂ ನೆಲದಡಿ. ಅದು ಮುಗಿದ ಮೇಲೆ ರೈಲು ಮೇಲೆದ್ದು ಸಾಲ್ಟ್ ಲೇಕ್ ಸ್ಟೇಡಿಯಂ, ಬೆಂಗಾಲ್ ಕೆಮಿಕಲ್, ಸಿಟಿ ಸೆಂಟರ್, ಸೆಂಟ್ರಲ್ ಪಾರ್ಕ್, ಕರುಣಾಮಯಿ ದಾಟಿ ಸೆಕ್ಟರ್ 5ಕ್ಕೆ ಬಂದು ನಿಲ್ಲುತ್ತದೆ. ಒಟ್ಟು 12 ನಿಲ್ದಾಣ. 10.8 ಕಿಲೋಮೀಟರ್ ಸುರಂಗ, 5.8 ಕಿಲೋಮೀಟರ್ ಎತ್ತರಿಸಿದ ಮಾರ್ಗ.

ಸೆಕ್ಟರ್ 5 ಅಂದರೆ ಐಟಿ ಕಂಪನಿಗಳ ಜಾಗ, ನಮ್ಮ ವೈಟ್‌ಫೀಲ್ಡ್ ಇದ್ದಂತೆ. ಒಂದು ತುದಿಯಲ್ಲಿ ಹೌರಾದ ಜನಜಂಗುಳಿ, ಇನ್ನೊಂದು ತುದಿಯಲ್ಲಿ ಸಾಫ್ಟ್‌ವೇರ್ ಕಚೇರಿಗಳು, ನಡುವೆ ಎರಡು ದೊಡ್ಡ ರೈಲು ನಿಲ್ದಾಣ ಮತ್ತು ಹಳೆಯ ವ್ಯಾಪಾರಿ ಪೇಟೆ. ಕೋಲ್ಕತ್ತಕ್ಕೆ ಇದಕ್ಕಿಂತ ಉಪಯೋಗದ ಮಾರ್ಗ ಇನ್ನೊಂದು ಇಲ್ಲ. ಹೌರಾದಲ್ಲಿ ಇಳಿದು ಊರೊಳಗೆ ಬರಬೇಕಾದವರು ಅಲ್ಲಿಯವರೆಗೆ ಹೌರಾ ಸೇತುವೆಯ ಮೇಲೆ ಬಸ್ಸು ಟ್ಯಾಕ್ಸಿಗಳ ಸಾಲಿನಲ್ಲಿ ಕಾಯಬೇಕಿತ್ತು, ಇಲ್ಲವೇ ದೋಣಿ ಹತ್ತಬೇಕಿತ್ತು. ಈಗ ರೈಲು ನದಿ ದಾಟಲು ಮುಕ್ಕಾಲು ನಿಮಿಷ ಸಾಕು. ಆ ಹೊತ್ತಿನಲ್ಲಿ ಸುರಂಗದ ಗೋಡೆಯ ಮೇಲೆ ನೀಲಿ ದೀಪ ಹೊಳೆಯುತ್ತದೆ. ಅದು ಕಂಡಿತು ಅಂದರೆ ತಲೆಯ ಮೇಲೆ ಹೂಗ್ಲಿ ಹರಿಯುತ್ತಿದೆ ಎಂದು ತಿಳಿದುಕೊಳ್ಳಬೇಕು.

ನೂರು ವರ್ಷದ ಹಳೆಯ ಯೋಚನೆ

ಈ ಮಾರ್ಗ ನಿನ್ನೆ ಮೊನ್ನೆ ಹುಟ್ಟಿದ ಯೋಚನೆ ಏನಲ್ಲ. ಬ್ರಿಟಿಷರ ಕಾಲದಲ್ಲೇ, 1921ರಲ್ಲಿ, ಲಂಡನ್ನಿನ ಸುರಂಗ ರೈಲುಗಳನ್ನು ಕಟ್ಟಿ ಹೆಸರಾಗಿದ್ದ ಎಂಜಿನಿಯರ್ ಹಾರ್ಲಿ ಡಾಲ್ರಿಂಪಲ್ ಹೇ ಕಲ್ಕತ್ತಕ್ಕೆ ಇಂಥದ್ದೇ ಒಂದು ಯೋಜನೆ ಬರೆದುಕೊಟ್ಟಿದ್ದರು. ಹೌರಾ ಕಡೆಯಿಂದ ಹೂಗ್ಲಿಯ ಕೆಳಗೆ ಬಂದು ಊರಿನ ಪೂರ್ವಕ್ಕೆ ಹೋಗುವ ಮಾರ್ಗ. ದುಡ್ಡು ಹುಟ್ಟಲಿಲ್ಲ. ಯೋಜನೆ ಕಾಗದದಲ್ಲೇ ಉಳಿಯಿತು.

1971ರ ಮಾಸ್ಟರ್ ಪ್ಲಾನ್‌ನಲ್ಲಿ ಕೋಲ್ಕತ್ತಕ್ಕೆ ಮೂರು ಮೆಟ್ರೊ ಮಾರ್ಗಗಳನ್ನು ಹಾಕಿದ್ದರು. ಅದರಲ್ಲಿ ಸಾಲ್ಟ್ ಲೇಕ್‌ನಿಂದ ನದಿ ದಾಟಿ ಹೌರಾ ಕಡೆಗೆ ಹೋಗುವುದೂ ಒಂದು. ಆದರೆ ಮೊದಲು ಕೈಗೆ ಎತ್ತಿಕೊಂಡದ್ದು ಉತ್ತರ–ದಕ್ಷಿಣದ ಡಮ್‌ಡಮ್–ಟಾಲಿಗಂಜ್ ಮಾರ್ಗವನ್ನು. 1972ರಲ್ಲಿ ಇಂದಿರಾ ಗಾಂಧಿ ಅದಕ್ಕೆ ಅಡಿಗಲ್ಲು ಹಾಕಿದರು. 1984ರ ಅಕ್ಟೋಬರ್ 24ರಂದು ಎಸ್ಪ್ಲನೇಡ್‌ನಿಂದ ಭವಾನೀಪುರಕ್ಕೆ ಮೊದಲ ರೈಲು ಓಡಿತು. ಇಡೀ ಭಾರತದಲ್ಲೇ ಅದು ಮೊದಲ ಮೆಟ್ರೊ. ಪೂರ್ತಿ ಮುಗಿದದ್ದು 1995ರಲ್ಲಿ. ಬಹುಪಾಲು ರಸ್ತೆಯನ್ನೇ ಅಗೆದು, ಒಳಗೆ ಡಬ್ಬಿಯ ಆಕಾರದಲ್ಲಿ ಕಾಂಕ್ರೀಟ್ ಕಟ್ಟಿ, ಮೇಲೆ ಮುಚ್ಚಿದ ಸುರಂಗ ಅದು. ವರ್ಷಗಟ್ಟಲೆ ಊರಿನ ಮುಖ್ಯ ರಸ್ತೆಗಳು ಹೊಂಡವಾಗಿದ್ದವು. ಆ ತೊಂದರೆ ಅನುಭವಿಸಿದ ಜನ ಎರಡನೇ ಮಾರ್ಗ ಅಂದಾಗ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಗೆರೆ ಬಾಗಿದ್ದು

ಪೂರ್ವ–ಪಶ್ಚಿಮ ಮಾರ್ಗ ಕಟ್ಟಲು 2008ರಲ್ಲಿ ಕೋಲ್ಕತ್ತ ಮೆಟ್ರೊ ರೈಲ್ ಕಾರ್ಪೊರೇಷನ್ ಹುಟ್ಟಿತು. ಆಗ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಅರ್ಧರ್ಧ ಪಾಲು. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿತು. ಅಂದಾಜು ವೆಚ್ಚ 4,874 ಕೋಟಿ ರೂಪಾಯಿ.

ಆಗಿನ ನಕ್ಷೆಯಲ್ಲಿ ಉದ್ದ 14.67 ಕಿಲೋಮೀಟರ್ ಇತ್ತು. ಸಿಯಾಲ್ದಾದಿಂದ ಹೊರಟ ಮಾರ್ಗ ಬೌಬಜಾರ್‌ನ ಬಿ.ಬಿ. ಗಂಗೂಲಿ ರಸ್ತೆಯ ಜಾಡು ಹಿಡಿದು, ಹಳೆಯ ಮೆಟ್ರೊದ ಸೆಂಟ್ರಲ್ ನಿಲ್ದಾಣದ ಹತ್ತಿರ ಹಾದು, ನೇರ ಮಹಾಕರಣಕ್ಕೆ ಹೋಗಬೇಕಿತ್ತು. ಹೆಚ್ಚುಕಮ್ಮಿ ನೆಟ್ಟಗಿನ ಗೆರೆ. ಎರಡು ಮೆಟ್ರೊಗಳು ಸೇರುವ ಜಾಗ ಸೆಂಟ್ರಲ್.

ತಕರಾರು ಬಂದದ್ದು ಅಲ್ಲೇ. ನಿಲ್ದಾಣಕ್ಕೆ ಜಾಗ ಬೇಕು, ಜಾಗ ಬೇಕೆಂದರೆ ಮನೆ ಅಂಗಡಿಗಳನ್ನು ತೆರವು ಮಾಡಬೇಕು. ಬೌಬಜಾರ್ ಅಂದರೆ ಅಂಗಡಿಗೆ ಅಂಗಡಿ ಅಂಟಿಕೊಂಡ ಪೇಟೆ. 2011ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಮಾರ್ಗವನ್ನು ಬದಲಾಯಿಸಿ ಎಂದಿತು. ರಾಜ್ಯ ಆಮೇಲೆ ತನ್ನ ಪಾಲನ್ನೇ ಬಿಟ್ಟುಕೊಟ್ಟಿತು. ಕಂಪನಿಯ ಶೇ. 74ರಷ್ಟು ಪಾಲು ರೈಲ್ವೆಗೆ ಹೋಯಿತು. ಸೆಂಟ್ರಲ್ ಕೈಬಿಟ್ಟು ಎಸ್ಪ್ಲನೇಡ್ ಬಂತು. ಉದ್ದ ಸುಮಾರು ಎರಡು ಕಿಲೋಮೀಟರ್ ಬೆಳೆಯಿತು.

ಎಸ್ಪ್ಲನೇಡ್ ಕೆಟ್ಟ ಆಯ್ಕೆ ಎಂದು ನಾನು ಹೇಳುವುದಿಲ್ಲ. ಅದು ಊರಿನ ನಡುಮಧ್ಯ. ಬಸ್ಸು, ಟ್ರಾಮು, ಹಳೆಯ ಮೆಟ್ರೊ ಎಲ್ಲಾ ಅಲ್ಲೇ ಸೇರುತ್ತವೆ. ಜೋಕಾ ಕಡೆಯಿಂದ ಬರುವ ಇನ್ನೊಂದು ಮಾರ್ಗವೂ ಅಲ್ಲಿಗೇ ಬರಬೇಕಿದೆ. ಮೂರು ಮಾರ್ಗ ಒಂದೇ ಕಡೆ ಸೇರಿದರೆ ಪ್ರಯಾಣಿಕರಿಗೆ ಅನುಕೂಲವೇ. ಬದಲಾಯಿಸಿದ ಹೊತ್ತು ಮಾತ್ರ ಸರಿಯಿರಲಿಲ್ಲ. ಎರಡೂ ತುದಿಗಳಲ್ಲಿ ಕೆಲಸ ಶುರುವಾಗಿತ್ತು, ಗುತ್ತಿಗೆ ಕೊಟ್ಟಾಗಿತ್ತು. ನಡುವಿನ ದಾರಿ ಯಾವುದೆಂದು ತೀರ್ಮಾನ ಆಗದೆ ಸುರಂಗದ ಯಂತ್ರಗಳು ವರ್ಷಗಟ್ಟಲೆ ಕಾಯಬೇಕಾಯಿತು. ಅಲ್ಲದೆ ನೆಟ್ಟಗಿದ್ದ ಗೆರೆ ಈಗ ಬಾಗಿತು. ರಸ್ತೆಯ ಜಾಡು ಬಿಟ್ಟು ಮನೆಗಳ ಅಡಿಗೆ ಹೋಯಿತು.

ಈ ಎರಡನೇ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರ್ಗ ಬದಲಾಯಿಸಿದ್ದು ಮನೆ ಅಂಗಡಿ ಒಡೆಯಬಾರದು ಅನ್ನುವ ಕಾರಣಕ್ಕೆ. ಕಾಳಜಿ ನಿಜವಾದದ್ದೇ. ಆದರೆ ನೆಲದ ಮೇಲೆ ತೆರವು ಇಲ್ಲ ಅಂದ ತಕ್ಷಣ ನೆಲದ ಕೆಳಗೆ ಅಪಾಯ ಇಲ್ಲ ಅಂತ ಆಗುವುದಿಲ್ಲ. ಹಳೆಯ ದಾರಿಯಲ್ಲೂ ಮಣ್ಣು ಅದೇ, ಅಂತರ್ಜಲವೂ ಅದೇ. ಸುರಂಗದ ಮೇಲೆ ರಸ್ತೆ ಇದ್ದು ನೆಲ ಕುಸಿದರೆ ಟಾರು ಬಿರುಕು ಬಿಡುತ್ತದೆ, ಸಂಚಾರ ನಿಲ್ಲುತ್ತದೆ. ಮೇಲೆ ನೂರು ವರ್ಷದ ಸುಣ್ಣ–ಇಟ್ಟಿಗೆಯ ಮನೆ ಇದ್ದರೆ ಆ ಕಥೆಯೇ ಬೇರೆ.

ನದಿಯ ಕೆಳಗೆ

ಹೌರಾ ಕಡೆಯ ಕೆಲಸವನ್ನು ಆಫ್ಕಾನ್ಸ್ ಮತ್ತು ರಷ್ಯಾದ ಟ್ರಾನ್ಸ್‌ಟನಲ್‌ಸ್ಟ್ರಾಯ್ ಕಂಪನಿಗಳು ಜಂಟಿಯಾಗಿ ತೆಗೆದುಕೊಂಡಿದ್ದವು. ಜರ್ಮನಿಯಿಂದ ಬಂದ ಎರಡು ಸುರಂಗ ಕೊರೆಯುವ ಯಂತ್ರಗಳಿಗೆ ರಚನಾ, ಪ್ರೇರಣಾ ಎಂದು ಹೆಸರಿಟ್ಟರು. ನದಿಯ ಅಗಲ ಅಲ್ಲಿ ಸುಮಾರು 520 ಮೀಟರ್. ಸುರಂಗ ನದಿತಳದಿಂದ ಇನ್ನೂ 13 ಮೀಟರ್ ಕೆಳಗೆ.

ಬಂಗಾಳದ ಮಣ್ಣು ನಮ್ಮ ಬೆಂಗಳೂರಿನದರಂತೆ ಅಲ್ಲ. ನಮ್ಮಲ್ಲಿ ಇಂಥ ಯಂತ್ರಕ್ಕೆ ಬಂಡೆಯ ಕಾಟ. ಹಲ್ಲು ಸವೆದು ಯಂತ್ರ ನಿಲ್ಲುತ್ತದೆ. ಅಲ್ಲಿ ಬಂಡೆಯೇ ಇಲ್ಲ. ನದಿಗಳು ತಂದು ಹಾಕಿದ ಜೇಡಿ, ಹೂಳು, ಮರಳು, ಅದರ ನಡುವೆ ತುಂಬಿಕೊಂಡ ನೀರು. ಕೊರೆಯುವುದು ಸುಲಭ, ಹಿಡಿದಿಡುವುದು ಕಷ್ಟ. ಅದಕ್ಕೆ ಯಂತ್ರ ಒಂದು ಉಪಾಯ ಮಾಡುತ್ತದೆ. ಮುಂದಿನ ಚಕ್ರ ಕೆರೆದ ಮಣ್ಣನ್ನು ತಕ್ಷಣ ಹೊರಗೆ ಹಾಕುವುದಿಲ್ಲ. ಚಕ್ರದ ಹಿಂದಿನ ಕೋಣೆಯಲ್ಲಿ ಒತ್ತಿ ತುಂಬಿಟ್ಟುಕೊಳ್ಳುತ್ತದೆ. ಒಳಗಿನ ಈ ಕೆಸರಿನ ಒತ್ತಡ ಹೊರಗಿನ ಮಣ್ಣು ಮತ್ತು ನೀರಿನ ಒತ್ತಡಕ್ಕೆ ಸರಿಸಮ ಇರಬೇಕು. ಜಾಸ್ತಿಯಾದರೆ ಮೇಲಿನ ನೆಲ ಉಬ್ಬುತ್ತದೆ. ಕಡಿಮೆಯಾದರೆ ನೀರು ಮಣ್ಣು ಒಳಗೆ ನುಗ್ಗುತ್ತದೆ. ಆಪರೇಟರ್ ಇಡೀ ಪಾಳಿ ಆ ಮೀಟರಿನ ಮೇಲೆ ಕಣ್ಣಿಟ್ಟಿರಬೇಕು.

ಯಂತ್ರದ ಬಾಲದಲ್ಲಿ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಜೋಡಿಸಿ ಬಳೆಯಾಗಿ ಕೂರಿಸುತ್ತಾ ಹೋಗುತ್ತಾರೆ. ಹೂಗ್ಲಿ ಸುರಂಗದಲ್ಲಿ ಈ ತುಂಡುಗಳ ದಪ್ಪ 275 ಮಿಲಿಮೀಟರ್. ಕಾಂಕ್ರೀಟಿಗೆ ಹಾರುಬೂದಿ, ಮೈಕ್ರೊ ಸಿಲಿಕಾ ಬೆರೆಸಿದ್ದರು, ನೀರು ಜಿನುಗಬಾರದೆಂದು. ತುಂಡು ತುಂಡಿನ ನಡುವೆ ನೀರು ತಾಕಿದರೆ ಉಬ್ಬಿಕೊಳ್ಳುವ ಗ್ಯಾಸ್ಕೆಟ್ ಇಟ್ಟರು. ನದಿಯ ಕೆಳಗೆ ಯಂತ್ರ ನಿಲ್ಲಿಸುವ ಹಾಗಿರಲಿಲ್ಲ. ಹಗಲು ರಾತ್ರಿ ಪಾಳಿ ನಡೆಯಿತು. ಏಪ್ರಿಲ್‌ನಲ್ಲಿ ಶುರುವಾದದ್ದು ಜೂನ್ ಹೊತ್ತಿಗೆ ಎರಡೂ ದಡ ಸೇರಿತ್ತು.

ಇಷ್ಟು ಸರಾಗವಾಗಿ ಆದದ್ದು ಏಕೆ? ಎಲ್ಲರಿಗೂ ಭಯವಿದ್ದದ್ದು ನದಿಯ ಬಗ್ಗೆ. ಹಾಗಾಗಿ ಎಲ್ಲಾ ತಯಾರಿ ಅದಕ್ಕೆ. ದಡ ದಾಟಿದ ಮೇಲೂ ಆ ಎಚ್ಚರ ಇತ್ತು. ಬ್ರೇಬೋರ್ನ್ ರಸ್ತೆಯಲ್ಲಿ ಶಿಥಿಲ ಕಟ್ಟಡಗಳ ಕೆಳಗೆ ಯಂತ್ರ ಹಾಯುವ ದಿನಗಳಲ್ಲಿ ಅಲ್ಲಿನ ನಿವಾಸಿಗಳನ್ನು ಮೊದಲೇ ಹೋಟೆಲ್‌ಗೆ ಕಳುಹಿಸಿದ್ದರು. ಪಕ್ಕದಲ್ಲೇ ಕರೆನ್ಸಿ ಬಿಲ್ಡಿಂಗ್, ಯಹೂದಿಗಳ ಎರಡು ಹಳೆಯ ಪ್ರಾರ್ಥನಾ ಮಂದಿರಗಳಿವೆ. ಮೂರೂ ಸಂರಕ್ಷಿತ ಸ್ಮಾರಕ. ನೂರು ಮೀಟರ್ ಒಳಗೆ ಕಟ್ಟುವಂತಿಲ್ಲ ಅನ್ನುವ ಕಾನೂನಿನಿಂದಾಗಿ ಅನುಮತಿಗೆ ಕಾಯಬೇಕಾಯಿತು. ಅನುಮತಿ ಬಂತು, ಸ್ಮಾರಕಗಳೂ ಉಳಿದವು.

ಆಗಸ್ಟ್ 31, 2019

ಎಸ್ಪ್ಲನೇಡ್‌ನಿಂದ ಸಿಯಾಲ್ದಾ ಕಡೆಗೆ ಕೊರೆಯಲು ಬೇರೆ ಎರಡು ಯಂತ್ರ ಇಳಿದವು. ಇವುಗಳ ಹೆಸರು ಚಂಡಿ, ಊರ್ವಿ. ಎರಡೂವರೆ ಕಿಲೋಮೀಟರ್ ದಾರಿ. ಚಂಡಿ ಅರ್ಧಕ್ಕಿಂತ ಜಾಸ್ತಿ ದಾಟಿ ಬೌಬಜಾರ್ ಅಡಿಗೆ ಬಂದಿತ್ತು. ಆಗಸ್ಟ್ 31ರಂದು ಅದು ನೀರು ತುಂಬಿದ ಮರಳಿನ ಪದರಕ್ಕೆ ತಾಗಿತು.

ನೀರು ಒಂದೇ ಬಂದಿದ್ದರೆ ಪಂಪು ಹಚ್ಚಬಹುದಿತ್ತು. ನೀರಿನ ಜೊತೆ ಹೂಳು ಮರಳೂ ಬಂತು. ಸುರಂಗದೊಳಗೆ ಬಂದ ಮರಳೆಲ್ಲ ಮನೆಗಳ ಪಾಯದ ಕೆಳಗಿನದು. ಕೆಳಗೆ ಪೊಳ್ಳಾಗುತ್ತಾ ಹೋದಂತೆ ಮೇಲೆ ದುರ್ಗಾ ಪಿತುರಿ ಲೇನ್ ಮತ್ತು ಸ್ಯಾಕ್ರಾಪಾಡಾ ಲೇನ್‌ನ ಮನೆಗಳ ಗೋಡೆ ಸೀಳಿದವು. ನೆಲ ವಾಲಿತು. ಕೆಲವು ಕಟ್ಟಡ ಕುಸಿದೇ ಬಿದ್ದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಅವರನ್ನು ಹೋಟೆಲ್‌ಗಳಲ್ಲಿ ಇರಿಸಿದರು. ಆಮೇಲೆ ಪೊಲೀಸರ ಕಾವಲಿನಲ್ಲಿ ಒಳಗೆ ಹೋಗಲು ಕೆಲವೇ ನಿಮಿಷ ಸಿಗುತ್ತಿತ್ತು. ಅಷ್ಟರಲ್ಲಿ ಏನೇನು ಎತ್ತಿಕೊಳ್ಳಬೇಕು? ಮನೆಪತ್ರ, ಮದುವೆಗೆ ಮಾಡಿಸಿಟ್ಟ ಒಡವೆ, ಮಕ್ಕಳ ಮಾರ್ಕ್ಸ್ ಕಾರ್ಡು, ದೇವರ ಫೋಟೊ. ಅದೂ ಚಿನ್ನದ ಕೆಲಸಗಾರರ ಗಲ್ಲಿ. ಕೆಳಗೆ ಒಡವೆ ಮಾಡುವ ಚಿಕ್ಕ ಚಿಕ್ಕ ಕೋಣೆ, ಮೇಲೆ ಸಂಸಾರ. ದುರ್ಗಾ ಪೂಜೆಗೆ ಇನ್ನೊಂದೇ ತಿಂಗಳಿತ್ತು. ಕೈತುಂಬ ಕೆಲಸ ಇರಬೇಕಾದ ಹೊತ್ತಿನಲ್ಲಿ ಮನೆಯೂ ಹೋಯಿತು, ದುಡಿಮೆಯೂ ನಿಂತಿತು. ಮನೆ ಕಳೆದುಕೊಂಡ ಕುಟುಂಬಗಳಿಗೆ ಮೆಟ್ರೊ ಕಂಪನಿ ತಲಾ 5 ಲಕ್ಷ ರೂಪಾಯಿ ಕೊಟ್ಟಿತು.

ಕೆಳಗೆ ಎಂಜಿನಿಯರುಗಳು ಸಿಮೆಂಟಿನ ಗ್ರೌಟ್, ಅಂದರೆ ತೆಳು ಗಾರೆ, ಸುರಿದು ಬಾಯಿ ಕಟ್ಟಲು ನೋಡಿದರು. ನೀರು ನಿಲ್ಲಲಿಲ್ಲ. ಹಾಂಗ್‌ಕಾಂಗ್‌ನಿಂದ ಸುರಂಗ ತಜ್ಞ ಜಾನ್ ಎಂಡಿಕಾಟ್ ಬಂದರು. ಕೊನೆಗೆ ಸುರಂಗಕ್ಕೆ ಅಡ್ಡ ಗೋಡೆ ಕಟ್ಟಿ, ಯಂತ್ರವಿದ್ದ ಭಾಗಕ್ಕೆ ತಾವೇ ನೀರು ತುಂಬಿಸಿದರು. ಒಳಗಿನ ನೀರು ಹೊರಗಿನ ನೀರನ್ನು ತಡೆದು ನಿಲ್ಲಿಸಿತು. ಹೊರಗೂ ಒಳಗೂ ಒತ್ತಡ ಸಮ ಆದಾಗ ಮರಳು ಬರುವುದು ನಿಂತಿತು. ಚಂಡಿ ಅಲ್ಲೇ ಮುಳುಗಿ ಸಿಕ್ಕಿಕೊಂಡಿತು. ಅದು ಮತ್ತೆ ಕೊರೆಯಲಿಲ್ಲ.

ಮತ್ತೆ ಮತ್ತೆ ಅದೇ ಗಲ್ಲಿ

ಕಲ್ಕತ್ತ ಹೈಕೋರ್ಟ್ ಕೆಲಸ ನಿಲ್ಲಿಸಿತು. 2020ರ ಫೆಬ್ರುವರಿಯಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ಹಿಂದಿದ್ದ ಊರ್ವಿ ನಿಧಾನವಾಗಿ ಸಾಗಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಸಿಯಾಲ್ದಾ ಮುಟ್ಟಿತು. ಆದರೆ ಚಂಡಿ ಬಿಟ್ಟುಹೋದ ಸುಮಾರು 800 ಮೀಟರ್ ಹಾಗೇ ಇತ್ತು. ಅದಕ್ಕೆ ಊರ್ವಿಯನ್ನೇ ತಿರುಗಿಸಿ ಸಿಯಾಲ್ದಾದಿಂದ ವಾಪಸ್ಸು ಬೌಬಜಾರ್ ಕಡೆಗೆ ಕೊರೆಸಿದರು. 2021ರ ಮೇನಲ್ಲಿ ಆ ಕೆಲಸವೂ ಮುಗಿಯಿತು. ಎರಡು ಯಂತ್ರಗಳನ್ನು ಬಿಚ್ಚಿ ತೆಗೆಯಲು ಬೌಬಜಾರ್‌ನಲ್ಲೇ ದೊಡ್ಡ ಬಾವಿಯಂತೆ ಶಾಫ್ಟ್ ತೋಡಿದರು.

ಆ ಶಾಫ್ಟ್ ಇನ್ನೊಂದು ಸುತ್ತು ತೊಂದರೆ ತಂದಿತು. 2022ರ ಮೇನಲ್ಲಿ ತಳಕ್ಕೆ ಕಾಂಕ್ರೀಟ್ ಹಾಕುವಾಗ ನೀರು ಜಿನುಗಿತು. ದುರ್ಗಾ ಪಿತುರಿ ಲೇನ್‌ನ ಮನೆಗಳಲ್ಲಿ ಮತ್ತೆ ಬಿರುಕು. ಅದೇ ಅಕ್ಟೋಬರ್‌ನಲ್ಲಿ ಎರಡು ಸುರಂಗಗಳನ್ನು ಜೋಡಿಸುವ ಅಡ್ಡದಾರಿಯ ಕೆಲಸದಲ್ಲಿ ಮತ್ತೊಮ್ಮೆ ಸೋರಿಕೆ. ಈ ಸಲ ಪಕ್ಕದ ಮದನ್ ದತ್ತಾ ಲೇನ್. ಮೂರು ವರ್ಷದಲ್ಲಿ ಮೂರು ಸಲ. ಮೊದಲ ಸಲ ಆದದ್ದನ್ನು ದುರದೃಷ್ಟ ಅನ್ನಬಹುದು. ಮಣ್ಣಿನ ಗುಣ ಗೊತ್ತಾದ ಮೇಲೂ ಅದೇ ಜನ ಮತ್ತೆ ಗಂಟುಮೂಟೆ ಕಟ್ಟಿ ರಾತ್ರೋರಾತ್ರಿ ಹೊರಡಬೇಕಾಗಿ ಬಂದದ್ದನ್ನು ನಾನು ದುರದೃಷ್ಟ ಅನ್ನಲಾರೆ.

ಅತ್ತ ಉಳಿದ ಮಾರ್ಗ ತುಂಡು ತುಂಡಾಗಿ ತೆರೆಯುತ್ತಾ ಬಂತು. 2020ರ ಫೆಬ್ರುವರಿಯಲ್ಲಿ ಸೆಕ್ಟರ್ 5ರಿಂದ ಸಾಲ್ಟ್ ಲೇಕ್ ಸ್ಟೇಡಿಯಂ, ಅಕ್ಟೋಬರ್‌ನಲ್ಲಿ ಫೂಲ್‌ಬಾಗಾನ್, 2022ರ ಜುಲೈನಲ್ಲಿ ಸಿಯಾಲ್ದಾ. 2024ರ ಮಾರ್ಚ್‌ನಲ್ಲಿ ನದಿ ದಾಟುವ ಹೌರಾ ಮೈದಾನ–ಎಸ್ಪ್ಲನೇಡ್ 4.8 ಕಿಲೋಮೀಟರ್. ನಡುವೆ ಬೌಬಜಾರ್‌ನ 2.45 ಕಿಲೋಮೀಟರ್ ಮಾತ್ರ ಬಾಕಿ. ಒಂದೇ ಮಾರ್ಗ ಎರಡು ಹೋಳಾಗಿ ಓಡುತ್ತಿತ್ತು. ಡಿಪೊ ಇರುವುದು ಪೂರ್ವದಲ್ಲಿ, ಸೆಂಟ್ರಲ್ ಪಾರ್ಕ್‌ನಲ್ಲಿ. ನದಿ ಕಡೆಯ ತುಂಡಿಗೆ ರೈಲು ಕಳುಹಿಸಬೇಕೆಂದರೆ ಕರೆಂಟ್ ಇಲ್ಲದ ಆ ಸುರಂಗದಲ್ಲಿ ಬ್ಯಾಟರಿ ಎಂಜಿನ್ ಕಟ್ಟಿ ಸಾಗಿಸಬೇಕಾಯಿತು. ಆ ರೈಲುಗಳು ನಮ್ಮ ಬೆಂಗಳೂರಿನ ಬಿಇಎಂಎಲ್ ಕಟ್ಟಿಕೊಟ್ಟವು. ಇಂಥ ತುಂಡು ಮಾರ್ಗದ ಕಷ್ಟ ನಮಗೂ ಗೊತ್ತು. 2023ರಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ತೆರೆದ ಮೇಲೆ ಬೈಯಪ್ಪನಹಳ್ಳಿವರೆಗಿನ ಎರಡು ಕಿಲೋಮೀಟರಿಗೆ ಆರು ತಿಂಗಳಿಗೂ ಜಾಸ್ತಿ ಕಾದಿದ್ದೆವು, ಬಸ್ಸು ಹತ್ತಿ ಇಳಿದು ಸಾಕಾಗಿತ್ತು. ಕೋಲ್ಕತ್ತದವರು ಕಾದದ್ದು ಒಂದೂವರೆ ವರ್ಷ.

ಲೆಕ್ಕಕ್ಕೆ ಬಾರದ ಖರ್ಚು

ಕೊನೆಗೆ ವೆಚ್ಚ 10,000 ಕೋಟಿ ದಾಟಿತು, ಮೊದಲ ಅಂದಾಜಿನ ಎರಡರಷ್ಟಕ್ಕಿಂತ ಹೆಚ್ಚು. ಇದರಲ್ಲಿ ಬೆಲೆ ಏರಿಕೆ ಇದೆ, ಉದ್ದವಾದ ಮಾರ್ಗ ಇದೆ, ಬೌಬಜಾರ್ ಇದೆ. ಸಾಲ್ಟ್ ಲೇಕ್ ಬದಿಯ ದತ್ತಾಬಾದ್‌ನಲ್ಲಿ ಒಂದಿಷ್ಟು ಕುಟುಂಬಗಳಿಗೆ ಬೇರೆ ಮನೆ ಕೊಡುವ ಮಾತು ಬಗೆಹರಿಯದೆ ಮುನ್ನೂರು ಚಿಲ್ಲರೆ ಮೀಟರ್ ಸೇತುವೆ ವರ್ಷಗಟ್ಟಲೆ ನಿಂತದ್ದೂ ಇದೆ. ಅಲ್ಲೂ ಬೌಬಜಾರ್‌ನಲ್ಲೂ ವಿಷಯ ಒಂದೇ: ಇಲ್ಲಿ ಇರುವವರು ಎಲ್ಲಿಗೆ ಹೋಗಬೇಕು? ದತ್ತಾಬಾದ್‌ನಲ್ಲಿ ಆ ಪ್ರಶ್ನೆ ಕೇಳಿದರು, ಉತ್ತರ ಸಿಗುವವರೆಗೆ ಕೆಲಸ ನಿಂತಿತು. ಬೌಬಜಾರ್‌ನಲ್ಲಿ ಗೆರೆ ಸರಿಸಿ, ಪ್ರಶ್ನೆಯೇ ಬರುವುದಿಲ್ಲ ಎಂದುಕೊಂಡರು.

2012ರಲ್ಲೇ ಕೂತು ಲೆಕ್ಕ ಹಾಕಬಹುದಿತ್ತು. ಹಳೆಯ ದಾರಿಯಲ್ಲಿ ಇಷ್ಟು ಅಂಗಡಿ ಮನೆ ತೆರವಾಗುತ್ತವೆ, ಅವರಿಗೆ ಮೊದಲೇ ಒಳ್ಳೆಯ ಪರಿಹಾರ, ಬೇರೆ ಜಾಗ. ಹೊಸ ದಾರಿಯಲ್ಲಿ ಇಷ್ಟು ಹಳೆಯ ಮನೆಗಳ ಅಡಿ ಯಂತ್ರ ಹಾಯುತ್ತದೆ, ಅವರ ಪಾಯ ಗಟ್ಟಿ ಮಾಡಲು ಇಷ್ಟು, ಮೊದಲೇ ಸ್ಥಳಾಂತರಿಸಲು ಇಷ್ಟು. ಎರಡನ್ನೂ ಪಕ್ಕಪಕ್ಕ ಇಟ್ಟು ಆ ಗಲ್ಲಿಯವರ ಮುಂದೆಯೇ ಮಾತಾಡಿ ಎಸ್ಪ್ಲನೇಡ್ ಆರಿಸಿದ್ದರೂ ಒಪ್ಪಬಹುದಿತ್ತು. ಮನೆ ಕಳೆದುಕೊಂಡವರಿಗೆ ಪರಿಹಾರ ಬಂತು, ನಿಜ. ಆದರೆ ಅದು ಬಂದದ್ದು ಮನೆ ಬಿದ್ದ ಮೇಲೆ.

ಈಗ ಹೌರಾದಿಂದ ಸೆಕ್ಟರ್ 5ಕ್ಕೆ ಒಂದೇ ರೈಲು. ಸಿಯಾಲ್ದಾ–ಎಸ್ಪ್ಲನೇಡ್ ಕೆಲವೇ ನಿಮಿಷದ ದಾರಿ. ಜನ ಹಿಗ್ಗಿನಿಂದ ಹತ್ತುತ್ತಿದ್ದಾರೆ, ಹತ್ತಬೇಕಾದದ್ದೇ. ಬೌಬಜಾರ್‌ನಲ್ಲಿ ಕುಸಿದ ಮತ್ತು ಕೆಡವಿದ ಇಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ಮತ್ತೆ ಕಟ್ಟಿಕೊಡುವುದು ಮೆಟ್ರೊ ಕಂಪನಿಯ ಹೊಣೆ. ಅವುಗಳ ಕೆಳಗೆ ರೈಲು ಓಡಲು ಶುರುವಾದ ದಿನಕ್ಕೂ ಆ ಕುಟುಂಬಗಳು ಬಾಡಿಗೆ ಮನೆಗಳಲ್ಲೇ ಇದ್ದವು.